ಅಂಗೈ ಗೆರೆ ಕಾಣುವ ತನಕ

ಆಯಿ ಹೊತ್ತು ನೋಡುತ್ತಿದ್ದುದು ಗಡಿಯಾರದಲ್ಲಲ್ಲ. ಸಂಜೆಯಾಯಿತೆಂದರೆ ಬಾಗಿಲ ಕಟ್ಟೆಗೆ ಬಂದು ಕೂತು, ಬಲಗೈ ಮುಂದೆ ಚಾಚಿ ಅಂಗೈ ನೋಡಿಕೊಳ್ಳುತ್ತಿದ್ದಳು. ಗೆರೆಗಳು ಕಾಣುವ ತನಕ ಊಟ ಮಾಡಬಹುದು. ಗೆರೆ ಮಸುಕಾದವೆಂದರೆ ಆ ದಿನದ ಅನ್ನ, ನೀರು ಎರಡೂ ಮುಗಿದವು. ನಮ್ಮದು ಜೈನರ ಮನೆತನ. ಹೊತ್ತು ಮುಳುಗಿದ ಮೇಲೆ ಉಣ್ಣುವ ಪದ್ಧತಿ ಇಲ್ಲ. ಬೆಳಗಾವಿಯ ನಮ್ಮ ಮನೆಯಲ್ಲಿ ಈ ನೇಮ ಸ್ವಲ್ಪ ಸಡಿಲಾಗಿತ್ತು. ಧಾರವಾಡದ ಹಾಸ್ಟೆಲಿನಲ್ಲಿ ನಾನು ಅದನ್ನು ಪೂರ್ತಿ ಬಿಟ್ಟಿದ್ದೆ, ಯಾರಿಗೂ ಹೇಳಿರಲಿಲ್ಲ. ಆದರೆ ಖಾನಾಪುರದ ಕಡೆಯ ಬೀಡಿ ಎಂಬ ಊರಲ್ಲಿ, ದೊಡವ್ವನ ಮನೆಯಲ್ಲಿ, ಅದು ಒಂದು ದಿನವೂ ತಪ್ಪಿದ್ದನ್ನು ನಾನು ಕಂಡಿಲ್ಲ.

ದೊಡವ್ವ ಎಂದರೆ ನನ್ನ ತಾಯಿಯ ಅಕ್ಕ. ಗಂಡ ತೀರಿಕೊಂಡ ಮೇಲೆ ಮನೆ, ಹೊಲ ಅವಳ ಹೆಸರಿಗೆ ಬಂದಿದ್ದವು. ಎರಡು ಎಮ್ಮೆ, ಒಂದು ಆಕಳು, ಒಂದು ಜೋಡಿ ಎತ್ತು, ಜೊತೆಗೆ ಅತ್ತೆ. ಆ ಅತ್ತೆಯನ್ನೇ ನಾವು ಆಯಿ ಎನ್ನುತ್ತಿದ್ದೆವು. ಎಂಬತ್ತರ ದಶಕದ ಆರಂಭದ ಆ ವರ್ಷ ನಾನು ಎಂ.ಎಸ್ಸಿ. ಮುಗಿಸಿ, ಕೆಲಸ ಇನ್ನೂ ಸಿಗದೆ, ಖಾನಾಪುರದ ಬಸ್ಸು ಹತ್ತಿ ಮೇಲಿಂದ ಮೇಲೆ ಅಲ್ಲಿಗೆ ಹೋಗುತ್ತಿದ್ದೆ. ಹೋಗುವುದಕ್ಕೆ ಬೇರೆ ಕಾರಣಗಳೂ ಇದ್ದವು. ಅವು ಇಲ್ಲಿಗೆ ಬೇಡ.

ಆಷಾಢದ ಒಂದು ಸಂಜೆ ನೆನಪಿದೆ. ನಾಟಿ ಮುಗಿಸಿ ದೊಡವ್ವ ಹೊಲದಿಂದ ಬರುವ ಹೊತ್ತಿಗೆ ಮೋಡ ಕವಿದಿತ್ತು. ಕಟ್ಟಿಗೆಯ ಒಂದೊಂದು ತುಂಡನ್ನೂ ನೆಲಕ್ಕೆ ಮೂರು ಸಲ ಕುಟ್ಟಿ, ಅದರೊಳಗಿನ ಇರುವೆ ಹುಳ ಉದುರಿದವೆಂದು ಖಾತ್ರಿ ಮಾಡಿಕೊಂಡು ಒಲೆಗೆ ಇಟ್ಟಳು. ಹಸಿ ಕಟ್ಟಿಗೆ ಹೊಗೆಯಾಯಿತೇ ಹೊರತು ಉರಿಯಲಿಲ್ಲ. ಊದಿ ಊದಿ ಅವಳಿಗೆ ಕೆಮ್ಮು ಹತ್ತಿತು. ಅಕ್ಕಿ ಅರ್ಧ ಬೆಂದಿತ್ತು. ಹೊರಗಿನಿಂದ ಆಯಿ ಹೇಳಿದಳು:

"ಸಾಕ ಬಿಡ. ಗೆರಿ ಹೋದ್ವು."

"ಇನ್ನೊಂದೀಟ ತಡೀರಿ ಅತ್ತಿ, ಕುದಿ ಬಂದೈತಿ."

"ಕುದಿ ಬಂದ್ರೇನ, ಹೊತ್ತ ಹೋತಲ್ಲ. ಮಳಿಗಾಲದಾಗ ನಮ್ಮ ಮನ್ಯಾಗ ಉಣ್ಣಾಕ ಒಲಿ ಅಪ್ಪಣಿ ಕೊಡಬೇಕು."

ಇಬ್ಬರೂ ಬಾಯಿಗೆ ನೀರು ಸಹ ಹಾಕದೆ ಮಲಗಿದರು. ಆ ಮಳೆಗಾಲದಲ್ಲಿ ಹಾಗೆ ಮಲಗಿದ್ದು ಅದೇ ಮೊದಲಲ್ಲ ಎಂದು ನನಗೆ ಮರುದಿನ ಗೊತ್ತಾಯಿತು. ಅನ್ನ ಎಮ್ಮೆಗಳ ಪಾಲಾಯಿತು.

ಗ್ರಾಮಸೇವಕರು ಗೋಬರ್ ಗ್ಯಾಸಿನ ಸುದ್ದಿ ತಂದದ್ದು ಅದೇ ಮಳೆಗಾಲದಲ್ಲಿ. ಸೈಕಲ್ಲನ್ನು ಗೋಡೆಗೆ ಆನಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಡತ ಬಿಚ್ಚಿ ಕುಳಿತರು. ಹಿತ್ತಿಲಲ್ಲಿ ಇಟ್ಟಿಗೆಯ ಗುಂಡಿ, ಅದರ ಮೇಲೆ ಬೋರಲು ಹಾಕಿದ ಕಬ್ಬಿಣದ ಡ್ರಮ್ಮು; ಸಗಣಿಯನ್ನು ನೀರಲ್ಲಿ ಕಲಸಿ ಒಳಗೆ ಬಿಟ್ಟರೆ ಗ್ಯಾಸು ತುಂಬಿ ಡ್ರಮ್ಮು ಮೇಲೇಳುತ್ತದೆ, ಕೊಳವೆ ಹಿಡಿದು ಅಡುಗೆಮನೆಗೆ ಬರುತ್ತದೆ. ಕಟ್ಟಿಸಿಕೊಂಡ ಮನೆಯವರಿಗೆ ಖರ್ಚಿನ ಒಂದು ಪಾಲನ್ನು ಸರಕಾರ ಸಬ್ಸಿಡಿಯಾಗಿ ಕೊಡುತ್ತದೆ.

"ಸರಕಾರ ಯಾಕ ಕೊಡತೈತ್ರಿ?" ದೊಡವ್ವ ಕೇಳಿದಳು.

"ನೀವು ಅಡವ್ಯಾಗಿನ ಕಟಗಿ ಕಡಿಯೂದು ಬಿಡಲಿ ಅಂತ್ರಿ, ಅಕ್ಕಾರ."

ಆಯಿ ಒಳಗಿನಿಂದಲೇ ಅಂದಳು: "ನಾವು ತಂದದ್ದು ತಲಿಹೊರಿ. ಲಾರಿ ತುಂಬಿ ಒಯ್ದಾರಲ್ಲ, ಅವರಿಗಿ ಬಿಡಾಕ ಏನ ಕೊಡತೀರಿ?"

ಗ್ರಾಮಸೇವಕರು ನಕ್ಕು ಕುತ್ತಿಗೆ ಒರೆಸಿಕೊಂಡರು. "ಆಯಿ, ಅದು ನನ್ನ ಖಾತೆ ಅಲ್ರಿ."

ಅರ್ಜಿ ತುಂಬಿದ್ದು ನಾನು. ಮನೆಯ ಹಕ್ಕಿನ ಉತಾರ, ದನಗಳ ಲೆಕ್ಕ, ದೊಡವ್ವನ ಸಹಿ. ದೀಪಾವಳಿ ಆದ ಮೇಲೆ ಖಾನಾಪುರದ ಕಚೇರಿಯಿಂದ ಮಂಜೂರಾತಿ ಬಂತು. ಸಬ್ಸಿಡಿ ಎರಡು ಕಂತಿನಲ್ಲಿ: ಗುಂಡಿ ಕಟ್ಟಿ ಮುಗಿದ ಮೇಲೆ ಒಂದು, ಒಲೆಯಲ್ಲಿ ಉರಿ ಹತ್ತಿದ್ದನ್ನು ಸಾಹೇಬರು ಕಣ್ಣಾರೆ ನೋಡಿದ ಮೇಲೆ ಇನ್ನೊಂದು. ಮಾರ್ಚ್ ಮುಗಿಯುವುದರೊಳಗೆ ಉರಿ ಹತ್ತದಿದ್ದರೆ ಮಂಜೂರಾತಿ ರದ್ದು, ಪಟ್ಟಿಯಲ್ಲಿ ಮುಂದಿನವರ ಪಾಲು. ದೊಡವ್ವ ಬತ್ತ ಮಾರಿ ಗುಂಡಿ ತೋಡಿಸಿದಳು. ಗೌಂಡಿ ಇಟ್ಟಿಗೆ ಕಟ್ಟಿ ಮುಗಿಸಿದ, ಮೊದಲ ಕಂತು ಬಂತು. ಡ್ರಮ್ಮಿನ ಹಣ ಎರಡನೆಯದರಿಂದಲೇ ಹುಟ್ಟಬೇಕಾಗಿತ್ತು.

ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಕೆಡಿಸಿದವಳು ನಾನು.

ಒಂದು ಮಧ್ಯಾಹ್ನ ಆಯಿ ದೊಡವ್ವನ ಜೊತೆ ಕೂತು ಅವರೆ ಬಿಡಿಸುತ್ತ ಸಹಜವಾಗಿ ಕೇಳಿದಳು, "ಅಲ್ಲವಾ, ಶಗಣ್ಯಾಗಿಂದ ಉರಿ ಹೆಂಗ ಬರತೈತಿ?" ಆರು ವರ್ಷ ಓದಿದ್ದನ್ನು ಆ ಮನೆಯಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ. ನಾನು ಉತ್ಸಾಹದಿಂದ, ಒಂದು ಹೆಜ್ಜೆಯನ್ನೂ ಬಿಡದೆ ವಿವರಿಸಿದೆ. ಸಗಣಿಯಲ್ಲಿ ಕಣ್ಣಿಗೆ ಕಾಣದ ಜೀವಿಗಳು ಇರುತ್ತವೆ, ಗಾಳಿ ಇಲ್ಲದ ಕತ್ತಲಲ್ಲಿ ಸಗಣಿಯನ್ನು ತಿನ್ನುತ್ತವೆ, ಅವು ಬಿಟ್ಟ ಉಸಿರೇ ಈ ಗ್ಯಾಸು ಎಂದೆ.

ದೊಡವ್ವನ ಕೈ ನಿಂತಿತು. "ಜೀವ ಅದಾವೇನು ಅದರಾಗ?"

"ಅದಾವ. ಲೆಕ್ಕ ಇಲ್ಲದಷ್ಟು."

"ಅವನ್ನ ಗುಂಡ್ಯಾಗ ಹಾಕಿ, ಮ್ಯಾಲ ಡ್ರಮ್ ಮುಚ್ಚೂದೇನು?"

ಆಯಿ ಅಂದಳು: "ಕಾಣದ ಜೀವ ಅದಾವ ಅಂತ ನಮ್ಮ ಹಿರ್ಯಾರು ಎಂದೋ ಹೇಳ್ಯಾರ. ನೀ ಅದನ್ನ ಕಲೀಲಾಕ ಧಾರವಾಡಕ್ಕ ಹೋಗಿದ್ದೇನ?"

ಮರುದಿನ ಗೌಂಡಿ ಕೊಳವೆ ಹುಗಿಯಲು ಬಂದಾಗ ದೊಡವ್ವ, "ಈಗ ಬ್ಯಾಡಪಾ, ಹೇಳಿ ಕಳಸ್ತೀನಿ" ಎಂದು ಕಳಿಸಿಬಿಟ್ಟಳು. ಸಿಟ್ಟಿರಲಿಲ್ಲ. ಎಂದಿನಂತೆ ಕಟ್ಟಿಗೆ ಕುಟ್ಟಿ ಒಲೆ ಹೊತ್ತಿಸಿದಳು, ಕೆಮ್ಮಿದಳು. ಹಿತ್ತಿಲಲ್ಲಿ ಹೊಸ ಇಟ್ಟಿಗೆಯ ಗುಂಡಿ ಬಾಯಿ ತೆರೆದುಕೊಂಡು ಬಿದ್ದಿತ್ತು.

ಸುದ್ದಿ ಕೇಳಿ ಗ್ರಾಮಸೇವಕರು ಓಡಿಬಂದರು. ನನ್ನನ್ನು ಗೋಡೆಯ ಬಾಜೂಕೆ ಕರೆದು, "ಬಾಯಾರ, ಸಾಯನ್ಸ್ ಯಾಕ ಹೇಳಾಕ ಹೋದ್ರಿ? ಅವು ಜೀವ ಅಲ್ಲ, ಒಂದ ನಮೂನಿ ಹುಳಿ ಅಷ್ಟ ಅಂದಬಿಡ್ರಿ. ಮಾರ್ಚ್ ಬರಾಕ ಎಷ್ಟ ದಿನ ಉಳಿದಾವ?" ಎಂದರು.

"ಜೀವ ಹೌದ್ರಿ. ಅಲ್ಲ ಅಂತ ನನಗ ಹೇಳಾಕ ಬರೂದಿಲ್ಲ."

"ಖರೇ ಹೇಳಿ ಹೇಳಿ ಆ ಅಕ್ಕಾರನ್ನ ಹೊಗ್ಯಾಗ ಕುಂಡ್ರಸ್ತೀರಿ ನೋಡ್ರಿ." ಸೈಕಲ್ ಹತ್ತಿ ಹೋದರು.

ಆ ಮಾತು ಬೆಳಗಾವಿಯವರೆಗೂ ನನ್ನ ಜೊತೆ ಬಂತು. ನಾನು ಹೇಳಿದ್ದು ಸತ್ಯವಾಗಿತ್ತು, ಆದರೆ ಪೂರ್ತಿ ಹೇಳಿರಲಿಲ್ಲ. ಆ ಜೀವಿಗಳು ಒಳಗೆ ಬದುಕುತ್ತವೆಯೇ, ಸಾಯುತ್ತವೆಯೇ, ಯಾವುದರಿಂದ ಸಾಯುತ್ತವೆ ಎಂದು ದೊಡವ್ವ ಕೇಳಿದ್ದರೆ ನನ್ನಲ್ಲಿ ಖಚಿತವಾದ ಉತ್ತರ ಇರಲಿಲ್ಲ. ಹಳೆಯ ನೋಟ್ಸು ತೆಗೆದೆ. ಕಾಲೇಜಿನ ಗ್ರಂಥಾಲಯದಲ್ಲಿ ನಾಲ್ಕು ದಿನ ಕೂತೆ. ಧಾರವಾಡದ ಒಬ್ಬ ಮೇಷ್ಟ್ರಿಗೆ ಪತ್ರ ಬರೆದೆ. ಅವರು ಎರಡು ಪುಟದ ಉತ್ತರ ಬರೆದರು, ಯಾಕೆ ಬೇಕೆಂದು ಕೇಳಲಿಲ್ಲ. ಅದಕ್ಕೆ ನಾನು ಇಂದಿಗೂ ಋಣಿ.

ಮತ್ತೆ ಬೀಡಿಗೆ ಹೋದಾಗ ದೊಡವ್ವ ಬಾವಿಯ ಹತ್ತಿರ ನೀರು ಸೋಸುತ್ತಿದ್ದಳು. ಕೊಡದ ಬಾಯಿಗೆ ಮಡಿಚಿದ ಬಟ್ಟೆ ಕಟ್ಟಿ ನೀರು ಸುರಿಯುವುದು. ಆಮೇಲೆ ಆ ಬಟ್ಟೆಯನ್ನು ಮಗುಚಿ, ಸೋಸಿದ ನೀರಿನಿಂದಲೇ ತೊಳೆದು, ಅದರಲ್ಲಿ ಉಳಿದ ಜೀವಗಳನ್ನು ತಿರುಗಿ ಅದೇ ಬಾವಿಗೆ ಬಿಡುವುದು. ದಿನವೂ ಮಾಡುವ ಕೆಲಸ. ಅವಳು ಬಟ್ಟೆ ಹಿಂಡುವವರೆಗೆ ಕಾದು, ನಾನು ಓದಿದ್ದನ್ನು ಹೇಳಿದೆ. ಮುಚ್ಚಿದರೆ ಅವು ಸಾಯುವುದಿಲ್ಲ. ಅವಕ್ಕೆ ಗಾಳಿಯೇ ವಿಷ, ಕತ್ತಲೇ ಮನೆ. ಉರಿಯುವುದು ಅವು ಬಿಟ್ಟ ಉಸಿರು, ಅವಲ್ಲ. ಹಾಗೆಂದು ಎಲ್ಲವೂ ಉಳಿಯುತ್ತವೆ ಎಂದೂ ಹೇಳಲಾರೆ, ತಾವಾಗಿ ಹುಟ್ಟುತ್ತವೆ, ಸಾಯುತ್ತವೆ. ದಿನಾ ಸಗಣಿ ಹಾಕದಿದ್ದರೆ ಮಾತ್ರ ಉಪವಾಸ ಬಿದ್ದು ಸಾಯುತ್ತವೆ.

ಹಿತ್ತಿಲ ಗೋಡೆಗೆ ಬಡಿದಿದ್ದ ಸಗಣಿ ಕುಳ್ಳುಗಳು ಬಿಸಿಲಿಗೆ ಒಣಗುತ್ತಿದ್ದವು. ದೊಡವ್ವ ಅವುಗಳ ಕಡೆ ನೋಡುತ್ತ ಕೇಳಿದಳು:

"ಹಂಗಾರ ಶಗಣಿ ತಟ್ಟಿ ಗ್ವಾಡಿಗಿ ಬಡದು ಒಣಗಸ್ತೀವಲ್ಲ, ಆಗ?"

ಇದನ್ನು ಕೇಳದಿರಲಿ ಎಂದು ಬಸ್ಸಿನಲ್ಲೆಲ್ಲ ಅಂದುಕೊಂಡು ಬಂದಿದ್ದೆ. "ಆಗ ಸಾಯ್ತಾವ ದೊಡವ್ವ. ಗಾಳಿಗಿ, ಬಿಸಲಿಗಿ."

"ಇಷ್ಟ ವರ್ಷ ಕಟಗಿ ಕುಟ್ಟಿದ್ನಿ. ಕುಳ್ಳ ಯಾರ ಕುಟ್ಟಬೇಕಿತ್ತ?" ಎಂದಳು. ಬಟ್ಟೆಯನ್ನು ಹಗ್ಗದ ಮೇಲೆ ಹಾಕಿದಳು. "ಮೊದಲ ಅವು ಎಲ್ಲಿಂದ ಬರ್ತಾವ ಗುಂಡಿಗಿ?"

"ಶಗಣ್ಯಾಗ ಇದ್ದ ಇರ್ತಾವ. ಆದ್ರ ಲಗೂನ ಆಗಬೇಕಂದ್ರ, ನಡದಿರೂ ಗುಂಡಿಯಿಂದ ನಾಕ ಕೊಡ ರಾಡಿ ತಂದು ಹಾಕತಾರ."

"ಅಂದ್ರ ಒಂದ ಬಾವಿಂದ ಇನ್ನೊಂದ ಬಾವಿಗಿ ಬಿಟ್ಟಂಗ." ಅಷ್ಟು ಹೇಳಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಆಯಿಯ ಧ್ವನಿ ಕೇಳಿತು: "ಎರಡ ಎಮ್ಮಿ ಸಾಕಿದ್ದು ಸಾಲದೇನ, ಇನ್ನ ಗುಂಡಿ ತುಂಬ ಸಾಕತಾಳಂತ."

ಡ್ರಮ್ಮು ಸಾಲದ ಮೇಲೆ ಬೆಳಗಾವಿಯಿಂದ ಟ್ರಕ್ಕಿನಲ್ಲಿ ಬಂತು. ಒಲೆ, ಗ್ಯಾಸು ಬಿಟ್ಟು ನಿಲ್ಲಿಸುವ ಚಾವಿಗಳನ್ನು ನಾನೇ ಅಲ್ಲಿನ ರವಿವಾರ ಪೇಟೆಯಲ್ಲಿ ಕೊಂಡು ಚೀಲದಲ್ಲಿ ತಂದೆ. ನಡೆಯುತ್ತಿದ್ದ ಒಂದು ಗುಂಡಿಯನ್ನು ಗ್ರಾಮಸೇವಕರು ಪಕ್ಕದ ಊರಲ್ಲಿ ತೋರಿಸಿಕೊಟ್ಟರು. ಚಕ್ಕಡಿಯಲ್ಲಿ ನಾಲ್ಕು ಕೊಡ ರಾಡಿ ತರುವಾಗ ದೊಡವ್ವ ಕೊಡಗಳ ಬಾಯಿಗೆ ಒದ್ದೆ ಗೋಣಿ ಕಟ್ಟಿ, ದಾರಿಯುದ್ದಕ್ಕೂ ಕೈ ಅಡ್ಡ ಹಿಡಿದು ಕೂತಿದ್ದಳು. ಗಾಳಿ ತಾಗಬಾರದಲ್ಲ.

"ಅಕ್ಕಾರ, ಬಾಣಂತಿನ ಕರಕೊಂಡ ಬಂದಂಗ ಬರಾಕತ್ತೀರಲ್ಲ" ಎಂದು ಗ್ರಾಮಸೇವಕರು ಹಿಂದಿನಿಂದ ಸೈಕಲ್ ತುಳಿಯುತ್ತ ನಗಾಡಿದರು.

ಸಾಹೇಬರು ಖಾನಾಪುರದಿಂದ ಬಂದದ್ದು ಮಾರ್ಚಿನ ಕೊನೆಯ ವಾರದಲ್ಲಿ. ನಡುಹಗಲು. ಡ್ರಮ್ಮು ಒಂದು ಮೊಳ ಮೇಲೆದ್ದಿತ್ತು. ಅಡುಗೆಮನೆಯ ಬೆಳಕಿಂಡಿಯಿಂದ ಬಿಸಿಲು ನೇರವಾಗಿ ಹೊಸ ಒಲೆಯ ಮೇಲೆ ಬೀಳುತ್ತಿತ್ತು. ಗ್ರಾಮಸೇವಕರು ಚಾವಿ ತಿರುಗಿಸಿ ಕಡ್ಡಿ ಗೀರಿದರು. ಕಡ್ಡಿ ಆರಿತು. ಇನ್ನೊಂದು ಗೀರಿದರು. ಅದೂ ಆರಿತು. ಸ್ವಲ್ಪ ಗ್ಯಾಸು ಹೊರಗೆ ಬಿಟ್ಟು, ಮೂರನೆಯ ಕಡ್ಡಿ ಒಡ್ಡಿ ಬೇಗ ಕೈ ಎಳೆದುಕೊಂಡರು. ಏನೂ ಕಾಣಲಿಲ್ಲ.

ಸಾಹೇಬರು ಪೆನ್ನಿನ ಟೋಪಿ ಮುಚ್ಚಿದರು. "ಉರಿ ಇಲ್ಲಂದ್ರ ನಾ ಏನಂತ ಬರೀಲಿ? ಮುಂದಿನ ವರ್ಷ ನೋಡೂಣು."

ಹಾಳಾಗುವ ಗ್ಯಾಸನ್ನು ನಿಲ್ಲಿಸಲೆಂದು ದೊಡವ್ವ ಒಲೆಯ ಮೇಲಿಂದ ಕೈ ಚಾಚಿ ಚಾವಿ ಹಿಡಿಯಹೋದವಳು ಫಕ್ಕನೆ ಹಿಂದೆ ಸರಿದಳು. ಮುಂಗೈ ನೋಡಿಕೊಂಡಳು.

"ಹತ್ತೈತ್ರಿ" ಎಂದಳು ಮೆಲ್ಲಗೆ. "ಸುಟ್ಟಿತು."

ನನಗೆ ಆಗ ಹೊಳೆಯಿತು. ಬೆಳಕಿಂಡಿಗೆ ಗೋಣಿಚೀಲ ತುರುಕಿ, ಬಾಗಿಲು ಹಾಕಿದೆ. ಕತ್ತಲಾದ ಅಡುಗೆಮನೆಯಲ್ಲಿ, ಒಲೆಯ ಸುತ್ತ, ಅಗಸೆ ಹೂವಿನ ನೀಲಿ ಬಣ್ಣದ ಸಣ್ಣ ಸಣ್ಣ ನಾಲಗೆಗಳು ಸದ್ದಿಲ್ಲದೆ ಉರಿಯುತ್ತಿದ್ದವು. ಹೊಗೆ ಇರಲಿಲ್ಲ. ಬಿಸಿಲಲ್ಲಿ ಅದು ಕಣ್ಣಿಗೆ ಬೀಳದಷ್ಟು ತೆಳುವಾಗಿತ್ತು, ಅಷ್ಟೇ.

"ಸರಕಾರದ ಉರಿ ಬಾಗಲಾ ಹಾಕಿದ್ರಷ್ಟ ಕಾಣತೈತೇನ್ರಿ?" ಆಯಿ ಕೇಳಿದಳು. ಸಾಹೇಬರೂ ನಕ್ಕರು. ಮತ್ತೆ ಪೆನ್ನು ತೆರೆದು ಆ ಉರಿಯ ಬೆಳಕಿಗೆ ಕಾಗದ ಹಿಡಿದು ಬರೆದರು. ದೊಡವ್ವ ಸುಟ್ಟ ಕೈಗೆ ಬೆಣ್ಣೆ ಹಚ್ಚಿಕೊಂಡು ಮೊದಲು ಹಾಲು ಕಾಯಿಸಿದಳು.

ಎರಡನೆಯ ಕಂತು ಬಂತು, ಡ್ರಮ್ಮಿನವನಿಗೆ ಹೋಯಿತು. ಆ ಸುತ್ತಿನಲ್ಲಿ ಕಟ್ಟಿಸಿದವರಲ್ಲಿ ಕೆಲವರ ಗುಂಡಿಗಳು ಒಂದೆರಡು ವರ್ಷಕ್ಕೆ ನಿಂತುಹೋದವು. ಹಬ್ಬ, ಮದುವೆ ಎಂದು ಸಗಣಿ ಹಾಕುವುದನ್ನು ಬಿಟ್ಟಿದ್ದರು. ದೊಡವ್ವ ಒಂದು ದಿನವೂ ತಪ್ಪಿಸಲಿಲ್ಲ. ಹೊರಬಂದ ಬಗ್ಗಡದಲ್ಲಿ ಒಂದು ಕೊಡ ತೆಗೆದು, ಹೊಸ ಸಗಣಿಯ ಜೊತೆ ಕಲಸಿ ತಿರುಗಿ ಒಳಗೇ ಬಿಡುತ್ತಿದ್ದಳು. ನನ್ನ ಮದುವೆಗೂ ಬೆಳಿಗ್ಗೆ ಗುಂಡಿಗೆ ಹಾಕಿ ಮೊದಲ ಬಸ್ಸಿಗೆ ಬಂದು, ಅಕ್ಷತೆ ಬಿದ್ದ ಕೂಡಲೇ, "ಅವು ಹಸದಿರ್ತಾವ" ಎಂದು ಹೊರಟುಹೋದಳು. ನಮ್ಮ ಬೀಗರಿಗೆ ಅದು ಎಮ್ಮೆಗಳ ವಿಷಯ ಎನಿಸಿತು. ನಾನು ಬಿಡಿಸಿ ಹೇಳಲಿಲ್ಲ.

ಉರಿ ಹತ್ತಿದ ವರ್ಷದ ಆಷಾಢದಲ್ಲಿ ಒಂದು ಸಂಜೆ ಅಲ್ಲಿದ್ದೆ. ಹೊರಗೆ ಜಡಿಮಳೆ. ದೊಡವ್ವ ಹೊಲದಿಂದ ಬಂದು, ಕೈಕಾಲು ತೊಳೆದು, ಚಾವಿ ತಿರುಗಿಸಿದಳು. ಅನ್ನ, ಬೇಳೆ, ರೊಟ್ಟಿ. ಮೂವರೂ ಉಂಡು ಕೈ ತೊಳೆದೆವು. ಆಯಿ ಕಟ್ಟೆಗೆ ಹೋಗಿ ಕೂತು ಅಂಗೈ ಚಾಚಿ ನೋಡಿಕೊಂಡಳು. ಕಣ್ಣ ಹತ್ತಿರ ತಂದು ಮತ್ತೆ ನೋಡಿದಳು. ಗೆರೆಗಳು ಇನ್ನೂ ಇದ್ದವು.

"ಏ," ಒಳಗೆ ಕೂಗಿದಳು, "ಹೊತ್ತ ಇನ್ನೂ ಐತಿ ನೋಡ. ಇನ್ನೊಂದ ಅರ್ಧ ರೊಟ್ಟಿ ತಾ."