ದೆವ್ವದ ಸಿನಿಮಾದ ಕೊನೆ ಮೊದಲೇ ಹೇಳಿದ್ದು

ಫೆಬ್ರವರಿ ಹನ್ನೊಂದು, ಬುಧವಾರ, ಮಧ್ಯಾಹ್ನ ಎರಡು ಗಂಟೆ ಇಪ್ಪತ್ತೈದು ನಿಮಿಷ. ಹಾಜರಿದ್ದವರು: ನಾನೊಬ್ಬಳು. ಹೊರಗೆ ಕಟ್ಟೆಯ ಮೇಲಿಟ್ಟ ಬಟ್ಟಲಿಗೆ ಮೊಸರು ಬಿದ್ದ ಸದ್ದು ಕೇಳಿತು. ಹಿಂದೆಯೇ ದೂರ ಹೋಗುವ ಚಪ್ಪಲಿಯ ಸದ್ದು. ಬಾಗಿಲು ತೆರೆದೇ ಇತ್ತು. ಕರೋಶಿಯಿಂದ ಬರುವ ಮೊಸರಿನಾಕೆ ಒಳಗೆ ಕಾಲಿಡಲಿಲ್ಲ. ಅವಳು ಹೀಗೆ ಹೊರಗಿನಿಂದಲೇ ಹೋಗಲು ಶುರುಮಾಡಿ ಅಂದಿಗೆ ಒಂಬತ್ತು ದಿನ.

ಅದಕ್ಕೂ ಮೊದಲು ಸುಮಾರು ಒಂದು ವರ್ಷ ನಾವಿಬ್ಬರೂ ಎರಡೂವರೆಯಿಂದ ನಾಲ್ಕೂಕಾಲಿನವರೆಗೆ ಕೂಡಿ ದೆವ್ವದ ಸಿನಿಮಾ ನೋಡುತ್ತಿದ್ದೆವು.

ನಾನು ನರ್ಸ್ ಆಗಿದ್ದವಳು. ರಾಯಬಾಗದಲ್ಲಿ ಕೆಲಸಕ್ಕೆ ಸೇರಿ, ಅಥಣಿ, ಕಾಗವಾಡ, ನಿಪ್ಪಾಣಿ ಎಂದು ತಿರುಗಿ, ಚಿಕ್ಕೋಡಿಯಲ್ಲಿ ನಿವೃತ್ತಳಾದೆ. ಮದುವೆಯಾಗಲಿಲ್ಲ. ಇಲ್ಲಿಯೇ ಎರಡು ಕೋಣೆಯ ಮನೆ ಮಾಡಿಕೊಂಡೆ. ಐದಕ್ಕೆ ಏಳುವುದು, ಏಳಕ್ಕೆ ನಾಷ್ಟಾ, ಹನ್ನೆರಡೂವರೆಗೆ ಊಟ ಎಲ್ಲವೂ ಡ್ಯೂಟಿಯಲ್ಲಿದ್ದಂತೆಯೇ ನಡೆದಿವೆ. ಮಧ್ಯಾಹ್ನದ ಎರಡು ಗಂಟೆಯ ಹೊತ್ತು ಮಾತ್ರ ಸರಿಯುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಅದು ಪಾಳಿ ಬದಲಾಗುವ ಹೊತ್ತು. ಬೆಳಗಿನವರು ಹೋಗುವ, ಮಧ್ಯಾಹ್ನದವರು ಬರುವ, ಎಲ್ಲರೂ ಒಮ್ಮೆಲೇ ಮಾತಾಡುವ ಹೊತ್ತು. ಮನೆಯಲ್ಲಿ ಅದೇ ಹೊತ್ತಿಗೆ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

ರಾಯಬಾಗದಲ್ಲಿರುವ ತಂಗಿಯ ಮಗಳು ಬಂದು ಟಿವಿಗೆ ಇಂಟರ್ನೆಟ್ ಹಾಕಿಸಿಕೊಟ್ಟಳು. ಸಂಸಾರದ ಸಿನಿಮಾಗಳನ್ನು ನೋಡಿದೆ, ಹಿಡಿಸಲಿಲ್ಲ. ಅವುಗಳಲ್ಲಿ ಎಲ್ಲರಿಗೂ ಯಾರಾದರೂ ಇರುತ್ತಾರೆ. ಒಂದು ದಿನ ತಪ್ಪು ಗುಂಡಿ ಒತ್ತಿ ದೆವ್ವದ ಸಿನಿಮಾ ಬಂತು. ಖಾಲಿ ಮನೆಯಲ್ಲಿ ಯಾರೋ ನಡೆದಾಡುತ್ತಾರೆ, ಬಾಗಿಲು ಬಡಿಯುತ್ತಾರೆ, ಅಟ್ಟದ ಮೇಲೆ ಪಾತ್ರೆ ಬೀಳುತ್ತದೆ. ನನಗೆ ಹೆದರಿಕೆಯಾಗಲಿಲ್ಲ. ಮನೆಯಲ್ಲಿ ಜನ ಇದ್ದಂತಾಯಿತು.

ಮೊಸರಿನಾಕೆಗೆ ನನ್ನದೇ ಕೊನೆಯ ಮನೆ. ಗಡಿಗೆ ಖಾಲಿಯಾದ ಮೇಲೆ ನಾಲ್ಕೂವರೆಯ ಟಂಟಂ ಆಟೋ ಬರುವವರೆಗೆ ಅವಳು ಸ್ಟ್ಯಾಂಡಿನಲ್ಲಿ ಬಿಸಿಲಿನಲ್ಲಿ ಕಾಯುತ್ತಿದ್ದಳು. ಮೊದಲ ದಿನ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಹೊಸ್ತಿಲಲ್ಲಿ ಕುಳಿತಳು, ಆಮೇಲೆ ಚಾಪೆಯ ಮೇಲೆ. ದೀಪಾವಳಿಯ ಹೊತ್ತಿಗೆ ಎರಡನೆಯ ಕುರ್ಚಿ ಅವಳದೇ ಆಗಿತ್ತು. ಅವಳ ಮನೆಯಲ್ಲಿ ನಾಲ್ಕು ಎಮ್ಮೆ, ಹತ್ತು ಹನ್ನೆರಡು ಆಡು. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಸಣ್ಣವಳು. ಓದು ಬಾರದು. ಭಾಷೆ ಯಾವುದಿದ್ದರೂ ಚಿತ್ರ ನೋಡಿಯೇ ಕಥೆ ಹಿಡಿಯುತ್ತಿದ್ದಳು. ಮರಾಠಿ ಇದ್ದರೆ ನನಗಿಂತ ಮುಂದೆ.

ಸಮುದ್ರದಿಂದ ಎದ್ದುಬರುವ ಬಸ್ಸಿನಷ್ಟು ದೊಡ್ಡ ಕಪ್ಪೆಯ ಸಿನಿಮಾ ನೋಡಿದ ದಿನ ಅವಳು ಕೇಳಿದ ಮೊದಲ ಪ್ರಶ್ನೆ, "ಸಿಸ್ಟರಬಾಯಾರ, ಇದಕ್ಕ ಮೇವ ಏನ ಹಾಕ್ತಾರ್ರಿ?"

"ಮನಷ್ಯಾರ್ನ ತಿಂತೈತಿ, ನೋಡವಲ್ಲಿ?"

"ತಾಸಿಗೆ ಇಬ್ರನ್ನ ತಿಂದ್ರ ಇಷ್ಟ ದೊಡ್ಡ ಮೈ ಹೆಂಗ ನಿಂದರತೈತ್ರಿ? ನಮ್ಮ ಎಮ್ಮಿ ನೋಡ್ರಿ, ದಿನಾ ತಿಂದ್ರೂ ಎಲುವು ಕಾಣತಾವು."

ಆ ಸಿನಿಮಾ ನನಗೆ ಹಿಡಿಸಿತ್ತು. ಮೊದಲ ಒಂದು ತಾಸು ಕಪ್ಪೆಯನ್ನು ತೋರಿಸುವುದೇ ಇಲ್ಲ. ಒದ್ದೆ ನೆಲ, ಮುರಿದ ದೋಣಿ, ನಾಯಿ ಒಂದೇ ಕಡೆ ನೋಡಿ ಬೊಗಳುವುದು, ಇಷ್ಟೇ. ಕುರು ಒಡೆಯುವ ಹಿಂದಿನ ದಿನ ಇರುತ್ತದಲ್ಲ, ಹಾಗೆ ಬಿಗಿಯಾಗಿತ್ತು. ಹಗಲು ಬೆಳಕಿನಲ್ಲಿ ಕಪ್ಪೆ ಪೂರ್ತಿ ಕಂಡ ಮೇಲೆ ಅದು ಬರೀ ಕಪ್ಪೆ. ಆಸ್ಪತ್ರೆಯ ದೆವ್ವದ ಸಿನಿಮಾ ಮಾತ್ರ ನನಗೆ ಸೇರುವುದಿಲ್ಲ. ಅವುಗಳಲ್ಲಿ ಕಾರಿಡಾರು ಯಾವಾಗಲೂ ಖಾಲಿ. ಯಾವ ಸರಕಾರಿ ಆಸ್ಪತ್ರೆಯ ಕಾರಿಡಾರು ಖಾಲಿ ಇದೆ? ರೊಟ್ಟಿಯ ಗಂಟು ಹಿಡಿದ ನೆಂಟರು ಗೋಡೆಯುದ್ದಕ್ಕೂ ಕುಳಿತಿರುತ್ತಾರೆ, ದೆವ್ವಕ್ಕೆ ನಡೆಯಲು ಜಾಗ ಸಿಗುವುದಿಲ್ಲ. ರಕ್ತವನ್ನೂ ಅವರು ಕುಂಕುಮದಂತೆ ಕೆಂಪಾಗಿಯೇ ಇಡುತ್ತಾರೆ. ಅರ್ಧ ದಿನ ಕಳೆದ ರಕ್ತ ಕಂದು ಬಣ್ಣಕ್ಕೆ ತಿರುಗಿರುತ್ತದೆ. ರಕ್ತ ಹೀರುವ ದೊರೆಯ ಸಿನಿಮಾದ ಬಗ್ಗೆ ಮೊಸರಿನಾಕೆ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿದ್ದಳು: "ಎಮ್ಮಿ ಮೈಗೆ ಹತ್ತೂ ಉಣ್ಣಿ ಅದಾನ್ರಿ ಇಂವಾ. ಸೀಮೆಎಣ್ಣಿ ಒರಸಿದ್ರ ಬಿಡತಾನ."

ಇನ್ನು ನನ್ನ ತಪ್ಪಿನ ವಿಷಯ.

ತರಬೇತಿಯಲ್ಲಿ ನಮಗೆ ಮೊದಲು ಕಲಿಸಿದ್ದು ಚಾರ್ಜ್ ಕೊಡುವುದು. ಪಾಳಿ ಮುಗಿಸಿ ಹೋಗುವವಳು ಬರುವವಳಿಗೆ ಪ್ರತಿ ಹಾಸಿಗೆಯ ಮುಂದೆ ನಿಂತು ಹೇಳಬೇಕು. ಇವರಿಗೆ ಹೀಗಾಗಿದೆ, ಮುಂದೆ ಹೀಗಾಗಬಹುದು, ಇದಕ್ಕೆ ತಯಾರಿರು. ಬರುವವಳಿಗೆ ಏನೊಂದೂ ಅನಿರೀಕ್ಷಿತವಾಗಿ ಎದುರಾಗಬಾರದು. ಮೂವತ್ತೈದು ವರ್ಷ ಇದನ್ನು ಮಾಡಿದ್ದೇನೆ, ಒಂದು ದಿನವೂ ತಪ್ಪಿಸಿಲ್ಲ.

ಸಿನಿಮಾಕ್ಕೂ ಹಾಗೆಯೇ ಮಾಡಿದೆ. ಮುಂಜಾನೆ ಹತ್ತಕ್ಕೆ ಒಬ್ಬಳೇ ಕುಳಿತು ಮಧ್ಯಾಹ್ನದ ಸಿನಿಮಾ ಪೂರ್ತಿ ನೋಡಿಬಿಡುತ್ತಿದ್ದೆ. ಎರಡೂವರೆಗೆ ಅವಳು ಕುಳಿತ ಕೂಡಲೇ ಚಾರ್ಜ್ ಕೊಡುತ್ತಿದ್ದೆ: "ಮೂರು ಮಂದಿ ಸಾಯ್ತಾರ. ಒಂದು ಕೈ ಕಡೀತಾರ. ನಾಯಿಗೆ ಏನೂ ಆಗಂಗಿಲ್ಲ. ಮುದಕನ ಮ್ಯಾಲೆ ಸಂಶಯ ಬರತೈತಿ, ಆದ್ರ ಅಂವಾ ಅಲ್ಲ." ಅವಳು ಹೂಂ ಎನ್ನುತ್ತಿದ್ದಳು. ಆ ಹೂಂ ದಿನೇ ದಿನೇ ಸಣ್ಣದಾಗುತ್ತಿತ್ತು. ರೋಗಿಯ ನಾಡಿ ಇಳಿಯುವುದನ್ನು ಕೂಡಲೇ ಹಿಡಿಯುತ್ತಿದ್ದ ನಾನು ಇದನ್ನು ಹಿಡಿಯಲಿಲ್ಲ.

ಒಂಬತ್ತು ದಿನಗಳ ಹಿಂದೆ ನೋಡಿದ್ದು ಒಂದು ಮರಾಠಿ ಸಿನಿಮಾ. ಹಳೆಯ ದೊಡ್ಡ ವಾಡೆ ಮನೆ, ಹಿತ್ತಲಲ್ಲಿ ಬಾವಿ, ಹೊಸದಾಗಿ ಬಂದ ಸೊಸೆ. ಚೆನ್ನಾಗಿ ತೆಗೆದಿದ್ದರು. ಸೊಸೆ ನೀರು ಸೇದುತ್ತಿದ್ದಾಳೆ, ಹಗ್ಗ ಭಾರವಾಗಿದೆ. ಮೊಸರಿನಾಕೆ ಕುರ್ಚಿಯ ತುದಿಗೆ ಬಂದಿದ್ದಳು, ಬಾಯಿಗೆ ಸೆರಗು ಹಿಡಿದಿದ್ದಳು. ನಾನು ಹೇಳಿದೆ, "ಬಾವ್ಯಾಗ ನೋಡಬ್ಯಾಡ. ಹಿಂದಿಂದ ಬರತಾಳ. ಈಗ ನೋಡ."

ದೆವ್ವದ ಹೆಂಗಸು ಹಿಂದಿನಿಂದಲೇ ಬಂದಳು. ಮೊಸರಿನಾಕೆ ಬೆಚ್ಚಲಿಲ್ಲ. ಸೆರಗು ಬಿಟ್ಟಳು, ಎದ್ದಳು, ಗಡಿಗೆ ಎತ್ತಿಕೊಂಡಳು.

"ಯಾಕ, ಏನಾತು?"

"ಸಿಸ್ಟರಬಾಯಾರ, ನಮ್ಮ ಮನ್ಯಾಗ ನನಗ ಎಲ್ಲಾ ಮೊದಲ ಗೊತ್ತಿರತೈತ್ರಿ. ಎಮ್ಮಿ ಯಾವಾಗ ಈಯತೈತಿ, ಸೊಸಿ ಏನ ಅಂತಾಳ, ಮಗಾ ಅದಕ್ಕ ಹೆಂಗ ಸುಮ್ಮ ಕುಂದರತಾನ, ಎಲ್ಲಾ. ಗೊತ್ತಿಲ್ಲದ್ದು ಅಂತ ಇದ್ದದ್ದು ಇದೊಂದ. ಅದನ್ನೂ ನೀವ ಹೇಳಿಬಿಡತೀರಿ."

ಆಗ ನಾನು ಸುಮ್ಮನಿರಬೇಕಿತ್ತು. "ಹೇಳದಿದ್ರ ಎದಿ ಒಡಕೊಂಡ ಬೀಳತಿ. ನಿನ್ನ ಬಿಪಿ ಎಷ್ಟೈತಿ ನನಗ ಗೊತ್ತೈತಿ" ಎಂದೆ.

ಅವಳು ನನ್ನ ಮುಖ ನೋಡಿದಳು. "ಹಂಗಾರ ನಾ ಇಲ್ಲಿ ಪೇಶಂಟ್ ಏನ್ರಿ?"

ಮರುದಿನದಿಂದ ಮೊಸರು ಕಟ್ಟೆಯ ಮೇಲೆ ಉಳಿಯಿತು.

ಈ ಒಂಬತ್ತು ದಿನ ನಾನು ಸಿನಿಮಾ ಬಿಟ್ಟಿಲ್ಲ. ಮುಂಜಾನೆ ಹತ್ತಕ್ಕೆ ಒಮ್ಮೆ, ಮಧ್ಯಾಹ್ನ ಎರಡೂವರೆಗೆ ಅದನ್ನೇ ಮತ್ತೊಮ್ಮೆ. ನಡುವೆ ಒಂದು ದಿನ ಹಳೆಯದೊಂದು ರಾಕ್ಷಸನ ಸಿನಿಮಾ ಸಿಕ್ಕಿತು. ಕಲ್ಟ್ ಸಿನಿಮಾ ಎಂದು ಅದರ ಕೆಳಗೆ ಬರೆದಿದ್ದರು. ತಂಗಿಯ ಮಗಳನ್ನು ಫೋನಿನಲ್ಲಿ ಕೇಳಿದರೆ, ಕೆಟ್ಟದಾಗಿದ್ದರೂ ಕೆಲವರು ಬಿಡದೆ ಪ್ರೀತಿಸುವ ಸಿನಿಮಾಕ್ಕೆ ಹಾಗೆನ್ನುತ್ತಾರಂತೆ, ಗುಂಪಾಗಿ ಕುಳಿತು ಮತ್ತೆ ಮತ್ತೆ ನೋಡುತ್ತಾರಂತೆ. ಆ ರಾಕ್ಷಸ ತಿರುಗಿದಾಗ ಬೆನ್ನಿನ ಮೇಲೆ ಜಿಪ್ ಸ್ಪಷ್ಟವಾಗಿ ಕಾಣುತ್ತದೆ. ಮುಂಜಾನೆ ಅದನ್ನು ಕಂಡಾಗ ನಗು ಬಂತು. ಪಕ್ಕದ ಕುರ್ಚಿಯಲ್ಲಿ ಅವಳಿದ್ದಿದ್ದರೆ ಜಿಪ್ಪಿನ ಬಗ್ಗೆ ಏನು ಅನ್ನುತ್ತಿದ್ದಳೋ ಎಂದು ಯೋಚಿಸಿದೆ. ಅವಳ ಮಾತು ನನ್ನ ತಲೆಯಲ್ಲಿ ಹುಟ್ಟಲಿಲ್ಲ. ಮಧ್ಯಾಹ್ನ ಅದೇ ದೃಶ್ಯ ಬಂದಾಗ "ಈಗ ತಿರುಗತಾನ" ಎಂದು ಗಟ್ಟಿಯಾಗಿ ಹೇಳಿದೆ. ಕೇಳುವವರು ಯಾರೂ ಇರಲಿಲ್ಲ.

ಬುಧವಾರ ಎರಡೂವರೆಗೆ ಟಿವಿ ಹಚ್ಚಿದೆ, ಹತ್ತು ನಿಮಿಷಕ್ಕೆ ಆರಿಸಿದೆ. ಬಾಗಿಲಿಗೆ ಬೀಗ ಹಾಕಿ ಟಂಟಂ ಸ್ಟ್ಯಾಂಡಿಗೆ ನಡೆದೆ. ಆ ಹೊತ್ತಿನಲ್ಲಿ ನಾನು ಮನೆಯ ಹೊರಗೆ ಬಂದದ್ದು ಯಾವಾಗಲೋ ನೆನಪಿಲ್ಲ. ಅವಳು ಬೇವಿನ ಮರದ ಕೆಳಗೆ ಖಾಲಿ ಗಡಿಗೆಯನ್ನು ಕಾಲ ನಡುವೆ ಇಟ್ಟುಕೊಂಡು ಕುಳಿತಿದ್ದಳು.

"ಮೊಸರ ಹುಳಿ ಆಗಿತ್ತೇನ್ರಿ?" ಎಂದಳು.

"ಮೊಸರ ಛಲೋ ಐತಿ."

"ಮತ್ತ ಬಿಸಲಾಗ ಯಾಕ ಬಂದ್ರಿ?"

ನಾನು ಮರದ ಕಟ್ಟೆಯ ಮೇಲೆ ಕುಳಿತೆ. ಹೇಳಬೇಕಾದ್ದನ್ನು ದಾರಿಯಲ್ಲಿ ಸಾಲಾಗಿ ಜೋಡಿಸಿಕೊಂಡು ಬಂದಿದ್ದೆ. "ನೀ ಪೇಶಂಟ್ ಅಲ್ಲ. ನಂದ ತಪ್ಪಾತು. ಇನ್ನ ಮ್ಯಾಲೆ ಮೊದಲ ನೋಡಂಗಿಲ್ಲ, ಹೇಳಂಗಿಲ್ಲ. ನಡಿ, ಕುಂದರೂಣು."

"ಇವತ್ತಿಂದು ನೋಡೀರೋ ಇಲ್ಲೋ?"

ಇಲ್ಲ ಎನ್ನಬಹುದಿತ್ತು. "ನೋಡೀನಿ," ಎಂದೆ. "ಮುಂಜಾನೆ. ರೂಢಿ ಬಿಡವಲ್ದು. ಬ್ಯಾರೇದ ಹಚ್ಚೂಣು."

ಅವಳು ಗಡಿಗೆಯ ಬಾಯಿಯನ್ನು ಸೆರಗಿನಿಂದ ಒರೆಸಿದಳು. "ಇವತ್ತ ಆಗಂಗಿಲ್ರಿ. ಕರಿ ಎಮ್ಮಿಗೆ ದಿನ ತುಂಬ್ಯಾವು, ಇವತ್ತ ನಾಳಿ ಈಯತೈತಿ. ಸೊಸಿಗಿ ಕೈ ಹಾಕಾಕ ಬರಂಗಿಲ್ಲ. ಮೂರರ ಗಾಡಿಗೆ ಹೊಂಟೀನಿ."

"ನಾಳಿಗೆ?"

"ಎಮ್ಮಿನ್ನ ಕೇಳ್ರಿ."

ಟಂಟಂ ಬಂತು. ನಿಪ್ಪಾಣಿ ಕಡೆಯಿಂದ ಬಂದ ಇಬ್ಬರು ಮೊದಲೇ ಕುಳಿತಿದ್ದರು. ಅವಳು ಹತ್ತಿ, ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಕಡೆ ಬಗ್ಗಿದಳು.

"ಅಲ್ರಿ, ಆ ಬಾವಿ ಸಿನಿಮಾದಾಗ ಕಡೀಕ ಏನಾತ್ರಿ? ಸೊಸಿ ಉಳದ್ಲೋ ಇಲ್ಲೋ?"

ಒಂಬತ್ತು ದಿನದಿಂದ ಅವಳಿಗೂ ಅದು ಒಳಗೇ ಕೊರೆಯುತ್ತಿತ್ತು. ನನಗೆ ಪೂರ್ತಿ ಗೊತ್ತಿತ್ತು. ಎರಡು ವಾಕ್ಯದಲ್ಲಿ ಹೇಳಬಹುದಿತ್ತು. ಕೇಳಿದ್ದಕ್ಕೆ ಉತ್ತರ ಕೊಡದೆ ಇರುವುದು ನನಗೆ ಎಷ್ಟು ಕಷ್ಟವೋ ಅದು ನರ್ಸ್ ಆಗಿದ್ದವರಿಗೆ ಮಾತ್ರ ಗೊತ್ತು.

"ಹೇಳಂಗಿಲ್ಲ," ಎಂದೆ.

ಅವಳು ಹಲ್ಲು ಕಾಣುವಂತೆ ನಕ್ಕಳು. ಪಕ್ಕದಲ್ಲಿ ಕುಳಿತವಳಿಗೆ, "ಈ ಬಾಯಿ ಭಾಳ ಘಾಟಿ ಅದಾಳ ನೋಡವಾ" ಎಂದಳು. ಗಾಡಿ ಹೊರಟಿತು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಈ ಕೊನೆ ನನಗೆ ಮೊದಲೇ ಗೊತ್ತಿರಲಿಲ್ಲ. ಮನೆಗೆ ಬರುವಾಗ ಎದೆ ಬಡಿಯುತ್ತಿತ್ತು. ನಾಡಿ ಹಿಡಿದು ನೋಡಿದೆ, ತೊಂಬತ್ತಾರು. ಒಂದು ವರ್ಷ ದೆವ್ವಗಳನ್ನು ನೋಡಿದರೂ ಇಷ್ಟು ಏರಿರಲಿಲ್ಲ.

ಮನೆಯಲ್ಲಿ ಕುಳಿತ ಮೇಲೆ ಇನ್ನೊಂದು ವಿಷಯ ತಿಳಿಯಿತು. ಅವಳಿಗಾಗಿ ಮುಂಜಾನೆ ಮೊದಲೇ ನೋಡುತ್ತೇನೆ ಎಂದುಕೊಂಡಿದ್ದೆ. ಪೂರ್ತಿ ನಿಜ ಅದಲ್ಲ. ಮುಂಜಾನೆ ಹತ್ತರಿಂದ ಹನ್ನೆರಡರವರೆಗೆ ನನಗೆ ಬೇರೆ ಕೆಲಸವಿರಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡರೆ ಆ ಎರಡು ತಾಸು ಬರಿದು. ಅವಳು ಬಂದರೂ ಬರಿದು, ಬರದಿದ್ದರೂ ಬರಿದು.

ಸಾಯಂಕಾಲ ಆರಕ್ಕೆ ಸ್ಟೂಲ್ ಹಾಕಿಕೊಂಡು ಅಟ್ಟದಿಂದ ಶೇಂಗಾದ ಚೀಲ ಇಳಿಸಿದೆ. ಸಂಕ್ರಾಂತಿಗೆ ತಂಗಿಯ ಮಗಳು ಕಳಿಸಿದ್ದು, ಇನ್ನೂ ಬಿಚ್ಚಿರಲಿಲ್ಲ. ಕೈಯಿಂದಲೇ ಸುಲಿಯಬೇಕು, ನಿಧಾನದ ಕೆಲಸ. ದಿನಕ್ಕೆ ಎರಡು ತಾಸಿನಂತೆ ಸುಲಿದರೆ ಹದಿನೈದು ದಿನವಾದರೂ ಹಿಡಿಯುತ್ತದೆ. ಒಂದು ಮೊರದಲ್ಲಿ ನಾಳೆಯ ಪಾಲು ಸುರಿದು ಅಡುಗೆಮನೆಯ ಕಿಟಕಿಯ ಕೆಳಗೆ ಇಟ್ಟೆ. ಚೀಲದ ಬಾಯಿ ಕಟ್ಟಿ ಮೂಲೆಗೆ ಸರಿಸಿದೆ. ಆರೂವರೆಗೆ ಕೆಲಸ ಮುಗಿಯಿತು.