ತವರಿನ ಮರ

ಮದುವೆಯಾಗಿ ಗುಡ್ಡದಾಚೆಯ ಈ ಊರಿಗೆ ಬಂದಾಗ ದರ್ಜಿ ಅಕ್ಕನಿಗೆ ಇಲ್ಲಿನದೇನೂ ಹಿಡಿಸಿರಲಿಲ್ಲ. ಮೊದಲ ಸಲ ತವರಿಗೆ ಹೋದವಳು ಅಲ್ಲಿನ ಹಿತ್ತಿಲ ಮರದ ಸಸಿಯೊಂದನ್ನು ಎಣ್ಣೆ ಡಬ್ಬಿಯಲ್ಲಿಟ್ಟು, ಬಸ್ಸಿನಲ್ಲಿ ಮಡಿಲಿಂದ ಇಳಿಸದೆ ತಂದಳು. ಹೊಲಿಗೆ ಯಂತ್ರದ ಮುಂದಿನ ಕಿಟಕಿಯಾಚೆ ನೆಟ್ಟಳು. ಮರ ಸರಸರನೆ ಎದ್ದು ಮೈತುಂಬ ಹಳದಿ ಹೂ ಬಿಟ್ಟಿತು. ರವಿಕೆ ಹೊಲಿಸಲು ಬಂದವರೆಲ್ಲ ಸಸಿಗೆ ದುಂಬಾಲು ಬಿದ್ದರು. ಅವಳೂ ಕೈಬಿಚ್ಚಿ ಕೊಟ್ಟಳು.

ಎಷ್ಟೋ ವರ್ಷಗಳ ಮೇಲೆ ಒಂದು ಬೆಳಿಗ್ಗೆ ಹಾಲಿನವಳು ಬಾಗಿಲಲ್ಲೇ ನಿಂತು, "ಹೊಳೆದಂಡೇಲಿ ಹುಲ್ಲೇ ಇಲ್ಲ ಕಣಕ್ಕ. ಎಲ್ಲಿ ನೋಡಿದ್ರೂ ನಿನ್ನ ಮರ. ಹಸು ಮೂಸಿ ನೋಡಿ ವಾಪಸ್ ಬರ್ತವೆ" ಅಂದಳು.

ಅವಳು ಬೈದದ್ದಲ್ಲ, ಸುಮ್ಮನೆ ಹೇಳಿದ್ದು. ಆದರೆ 'ನಿನ್ನ ಮರ' ಅನ್ನುವ ಮಾತು ಅಕ್ಕನ ಎದೆಯಲ್ಲಿ ಮುರಿದ ಸೂಜಿಯಂತೆ ಕೂತುಬಿಟ್ಟಿತು. ಹೋಗಿ ನೋಡಿದರೆ ನೀರೇ ಕಾಣದಷ್ಟು ಒತ್ತಾಗಿ ಮರ, ಅಡಿಯಲ್ಲಿ ಬರೀ ತರಗೆಲೆ. ಅಂದಿನಿಂದ ಅವಳಿಗೆ ಎಲ್ಲೆಲ್ಲೂ ಅದರ ಮೊಳಕೆಯೇ: ಮೋರಿಯಲ್ಲಿ, ಗೋಡೆಯ ಬಿರುಕಿನಲ್ಲಿ, ಬಸ್ ನಿಲ್ದಾಣದ ಬೆಂಚಿನಡಿ. ಯಾರೂ ನೋಡದ ಹಾಗೆ ಕಿತ್ತು ಸೆರಗಿಗೆ ಸೇರಿಸುವಳು. ಹೊಲಿಗೆಯಲ್ಲಿ ಮನಸ್ಸು ನಿಲ್ಲದೆ ಯಾರದೋ ಅಂಗಿಗೆ ತೋಳನ್ನು ಒಳಮೈ ಹೊರಗಾಗಿ ಹಚ್ಚಿಬಿಟ್ಟಳು.

ತಡೆಯಲಾರದೆ ತವರಿನಲ್ಲಿದ್ದ ಅಣ್ಣನಿಗೆ ಫೋನು ಮಾಡಿದಳು. "ಈ ಮರ ನಮ್ಮಲ್ಲಿ ಯಾಕೆ ಹೀಗೆ ಹಬ್ಬಲಿಲ್ಲ?"

"ಇಲ್ಲಿ ಬೀಜಕ್ಕೆ ಹುಳ ಬೀಳುತ್ತೆ. ಅಷ್ಟಿಷ್ಟು ಮೊಳೆತರೆ ಮೊಲ ಬಿಡಲ್ಲ. ಒಂದು ಡಬ್ಬಿ ಹುಳ ತರ್ಲೇನೇ?"

"ಅಯ್ಯೋ ಬೇಡ, ನಿನ್ನ ದಮ್ಮಯ್ಯ! ಅದು ಇಲ್ಲಿ ಇನ್ನೇನು ತಿನ್ನುತ್ತೋ!"

ಅಣ್ಣ ನಕ್ಕ. ಅವಳು ನಗದೆ ಫೋನಿಟ್ಟಳು.

"ಒಂದು ಮರ ಕಡಿದ್ರೆ ಊರು ಸರಿಹೋಗುತ್ತಾ?" ಅಂತ ಗಂಡ ಗೊಣಗಿದ. ಅವಳು ಕಿವಿಗೆ ಹಾಕಿಕೊಳ್ಳದೆ ಕಿಟಕಿಯಾಚೆಯ ಮರ ಕಡಿಸಿದಳು. ಗರಗಸ ಆಡುವಷ್ಟು ಹೊತ್ತೂ ಯಂತ್ರದ ಚಕ್ರ ಹಿಡಿದು ಒಳಗೇ ಕೂತಿದ್ದಳು. ತಿಂಗಳು ತುಂಬುವುದರೊಳಗೆ ಬೇರು ಹರಿದಲ್ಲೆಲ್ಲ ಚಿಗುರು, ಪಕ್ಕದ ಮನೆಯ ಬಾವಿಕಟ್ಟೆಯವರೆಗೂ. ಆಮೇಲೆ ಗುದ್ದಲಿ ಹಿಡಿದಳು. ಹಾಲಿನವಳೂ ಜೊತೆಯಾದಳು. ಭಾನುವಾರ ಬಂತೆಂದರೆ ಇಬ್ಬರೂ ಹೊಳೆದಂಡೆಯಲ್ಲಿ ಬೇರು ಅಗೆದರು. ಕಾಲುದಾರಿಯ ಪಕ್ಕ ಒಂದಿಷ್ಟು ಹುಲ್ಲು ಮರಳಿತು. ಹೊಳೆಯ ತಿರುವಿನಾಚೆ ನೋಡಲು ಮಾತ್ರ ಧೈರ್ಯ ಸಾಲದು.

ಮೊನ್ನೆ, ಹೊಳೆಯ ಕೆಳಗಿನ ಊರಿಗೆ ಕೊಟ್ಟ ಮಗಳು ಫೋನಿನಲ್ಲಿ ಸಂಭ್ರಮದಿಂದ, "ಅಮ್ಮಾ, ನಮ್ಮ ದಡದಲ್ಲೂ ನಿನ್ನ ಮರ ಬಂದಿದೆ! ಒಬ್ಬಳೇ ಇದ್ದೀನಿ ಅನ್ನಿಸೋದೇ ಇಲ್ಲ" ಅಂದಳು.

ಅಕ್ಕ ಯಂತ್ರ ನಿಲ್ಲಿಸಿದಳು. "ಹೂ ಬಿಟ್ಟಿದೆಯಾ?"

"ಇಲ್ಲ, ಬರೀ ಮೊಗ್ಗು."

"ನಾಳೇನೇ ಬರ್ತೀನಿ."

"ನೋಡೋಕಾ?"

ಅಕ್ಕ ಮೂಲೆಯಲ್ಲಿದ್ದ ಗುದ್ದಲಿಯತ್ತ ನೋಡಿದಳು. ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದಳು.