ಮೊದಲ ಬ್ಯಾರನ್ ಬೆಂಕಿ, ನನ್ನ ವೈವಾ

ಕರಿ ಕೋಟು ಹೊಲಿಸಿದ ವರ್ಷವೇ ನನ್ನ ಮದುವೆಯಾಯಿತು. ಹುಣಸೂರಿನ ಕಾನ್ವೆಂಟಿನಲ್ಲಿ ಓದಿ, ಮೈಸೂರಿನಲ್ಲಿ ಕಾನೂನು ಪದವಿ ಮುಗಿಸಿ, ರಾವಂದೂರಿನ ಕಡೆಯ ಹೊಗೆಸೊಪ್ಪು ಬೆಳೆಯುವ ಮನೆಗೆ ಸೊಸೆಯಾಗಿ ಬಂದೆ. ಕೋಟು ಬೀರುವಿನಲ್ಲಿ ರೇಷ್ಮೆ ಸೀರೆಗಳ ಪಕ್ಕ ನೇತಾಡುತ್ತಲೇ ಇತ್ತು. ಗೌರಿಹಬ್ಬಕ್ಕೆ ಸೀರೆ ತೆಗೆಯುವಾಗಲೆಲ್ಲ ಅದರ ಜೇಬಿಗೂ ಒಂದು ಹೊಸ ನುಸಿ ಗುಳಿಗೆ ಹಾಕುತ್ತಿದ್ದೆ.

ಮಗಳು ಪಿಯುಸಿಗೆ ಮೈಸೂರಿನ ಹಾಸ್ಟೆಲ್ ಸೇರಿದ ಮೇಲೆ ಮಧ್ಯಾಹ್ನಗಳು ಉದ್ದವಾದವು. ಅವಳನ್ನು ಬಿಟ್ಟು ಬರಲು ಹೋದ ದಿನ ವಿಶ್ವವಿದ್ಯಾನಿಲಯದ ಗೋಡೆಯ ಮೇಲೊಂದು ಪ್ರಕಟಣೆ ಕಂಡೆ. ಅಂತರರಾಷ್ಟ್ರೀಯ ಪರಿಸರ ಕಾನೂನು, ಒಂದು ವರ್ಷದ ಡಿಪ್ಲೊಮಾ, ಶನಿವಾರ ಭಾನುವಾರ ತರಗತಿ. ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಎಮ್ಮೆಗೆ ಹುಲ್ಲು ಹಾಕುತ್ತಾ ಹಿಂತಿರುಗದೆಯೇ, "ಸೇರ್ಕೊ ಅತ್ಲಾಗೆ. ಹೆಂಗೂ ಹೆಂಗಸ್ರಿಗೆ ಬಸ್ ಫ್ರೀ" ಅಂದರು. ನನ್ನ ಉನ್ನತ ಶಿಕ್ಷಣಕ್ಕೆ ಸಿಕ್ಕ ಅನುಮತಿ ಅಷ್ಟೇ.

ತರಗತಿಯಲ್ಲಿ ಎಲ್ಲರೂ ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರು, ಅಷ್ಟೇ. ಪ್ರಶ್ನೆ ಕೇಳಿದರೆ ನಾನು ಎದ್ದು ನಿಂತು ಉತ್ತರ ಹೇಳುತ್ತಿದ್ದೆ. ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದು ಕಾಲಿನಲ್ಲೇ ಉಳಿದುಬಿಟ್ಟಿತ್ತು. ಹುಡುಗರು ನಗುತ್ತಿದ್ದರು. "ಕೂತ್ಕೊಂಡೇ ಹೇಳಿ ಪರವಾಗಿಲ್ಲ" ಅನ್ನುತ್ತಿದ್ದರು ನಮ್ಮ ಮೇಡಂ. ಮುಂದಿನ ಪ್ರಶ್ನೆಗೆ ಮತ್ತೆ ಎದ್ದು ನಿಲ್ಲುತ್ತಿದ್ದೆ. ಕಿಟಕಿಯ ಹೊರಗೊಂದು ಹೊಂಗೆ ಮರ. ಮೇಡಂ ಸಮುದ್ರದ ಕಾನೂನು, ಹವಾಮಾನದ ಒಪ್ಪಂದ ಅಂತ ಹೇಳುವಾಗಲೆಲ್ಲ ಆ ಮರದ ಎಲೆಯ ಹೊಳಪು ನೋಡುತ್ತಾ ಕೇಳಿಸಿಕೊಂಡಿದ್ದೇನೆ. ಇವತ್ತಿಗೂ ಆ ಪಾಠಗಳು ನನಗೆ ತಿಳಿ ಹಸಿರು ಬಣ್ಣದಲ್ಲೇ ನೆನಪಾಗುತ್ತವೆ.

ಕಲಿತದ್ದನ್ನು ಅಡುಗೆಮನೆಯಲ್ಲಿ ಅತ್ತೆಗೆ ಒಪ್ಪಿಸಬೇಕಿತ್ತು. ಅವರು ಸೊಪ್ಪು ಸೋಸುತ್ತಾ "ಇವತ್ತೇನಂದ್ರು ನಿಮ್ಮ ಮೇಡಮ್ಮು?" ಅಂತ ಕೇಳುತ್ತಿದ್ದರು. ಒಂದು ಸಲ, ಭೂಮಿಯನ್ನು ಕಾಯುವ ಹೊಣೆ ಎಲ್ಲ ದೇಶಗಳದ್ದೂ ಹೌದು, ಆದರೆ ಎಲ್ಲರ ಪಾಲು ಒಂದೇ ಸಮ ಅಲ್ಲ ಎಂಬ ತತ್ವವನ್ನು ವಿವರಿಸಿದೆ.

"ಅಂಗಾರೆ ನಮ್ಮನೆ ಥರಾನೇ ಕಣವ್ವ" ಅಂದರು. "ಉಣ್ಣೋಕೆ ಎಲ್ರೂ. ಪಾತ್ರೆಗೆ ನೀನೂ ನಾನೂ."

ಒಳಗಿನಿಂದ ಯಜಮಾನರು, "ಕೇಳುಸ್ತು ಕೇಳುಸ್ತು" ಅಂದರು. ಪಾತ್ರೆ ತೊಳೆಯಲು ಮಾತ್ರ ಬರಲಿಲ್ಲ.

ಕೊನೆಗೆ ಒಂದು ಪ್ರಬಂಧ ಬರೆದು, ಅದರ ಮೇಲೆ ಪರೀಕ್ಷಕರ ಪ್ರಶ್ನೆಗಳಿಗೆ ಬಾಯಲ್ಲೇ ಉತ್ತರಿಸುವ ವೈವಾ ಎದುರಿಸಬೇಕಿತ್ತು. ವಿಷಯ ಹುಡುಕಿಕೊಂಡು ನಾನು ಬೇರೆಲ್ಲೂ ಹೋಗಲಾರೆ. ಹೊಗೆಸೊಪ್ಪು ಹದ ಮಾಡುವ ನಮ್ಮ ಬ್ಯಾರನ್ನನ್ನೇ ಆರಿಸಿಕೊಂಡೆ. ಹಸಿ ಹೊಗೆಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ಆ ಎತ್ತರದ ಮಣ್ಣಿನ ಕೋಣೆಯೊಳಗೆ ಸಾಲಾಗಿ ನೇತುಹಾಕಿ, ಹೊರಗಿನ ಒಲೆಗೆ ವಾರದಷ್ಟು ಕಾಲ ಬಿಡದೆ ಸೌದೆ ಹಾಕಿದರೆ ಸೊಪ್ಪು ಚಿನ್ನದ ಬಣ್ಣಕ್ಕೆ ತಿರುಗುತ್ತದೆ. ತಂಬಾಕಿನ ಬಗ್ಗೆ ದೇಶಗಳು ಮಾಡಿಕೊಂಡ ಒಪ್ಪಂದದಲ್ಲಿ, ಅದನ್ನು ಬೆಳೆಯುವಾಗ ಪರಿಸರವನ್ನೂ ಬೆಳೆಯುವವರ ಆರೋಗ್ಯವನ್ನೂ ಲಕ್ಷ್ಯದಲ್ಲಿಟ್ಟುಕೊಳ್ಳಬೇಕು ಎಂಬ ಮಾತು ಒಂದು ಕಡೆ ಬರುತ್ತದೆ. ಆ ಮಾತು ನಮ್ಮ ಒಲೆಯ ಬಾಯಿಯವರೆಗೆ ಬಂದು ತಲುಪುವುದು ಹೇಗೆ ಎನ್ನುವುದೇ ನನ್ನ ಪ್ರಬಂಧ.

ಈಗ ನಮ್ಮ ಮನೆಯ ಒಂದು ನಡವಳಿಕೆ ಹೇಳಬೇಕು. ವರ್ಷದ ಮೊದಲ ಬ್ಯಾರನ್ನಿಗೆ ಬೆಂಕಿ ಹಚ್ಚುವುದು ಮನೆಯ ಸೊಸೆ. ಹಚ್ಚಿದವಳು ಆ ಸೊಪ್ಪು ಇಳಿಯುವವರೆಗೆ ಊರ ಕೆರೆಯ ಏರಿ ದಾಟಬಾರದು. ಅತ್ತೆ ಹೊಸ ಸೊಸೆಯಾಗಿದ್ದಾಗ ಬೆಂಕಿ ಹಚ್ಚಿ, ನಡುವೆಯೇ ತವರಿಗೆ ಹೋಗಿದ್ದರಂತೆ. ಒಲೆಯ ಬಿಸಿಯನ್ನು ಒಳಗೆ ಸಾಗಿಸುವ ಕೊಳವೆಯ ಮೇಲೆ ಒಣಗಿದ ಎಲೆ ಬಿದ್ದು ಬ್ಯಾರನ್ ಸೂರಿನ ಸಮೇತ ಸುಟ್ಟುಹೋಯಿತಂತೆ. ಅದಾದ ಮೇಲೆ ಈ ಮಾತನ್ನು ಅವರು ಒಮ್ಮೆಯೂ ಸಡಿಲ ಮಾಡಿದವರಲ್ಲ.

ಆ ವರ್ಷವೂ ಶ್ರಾವಣದಲ್ಲಿ ಕರ್ಪೂರ ಹಚ್ಚಿ, ಒಲೆಗೆ ಕುಂಕುಮವಿಟ್ಟು ನಾನೇ ಬೆಂಕಿ ಕೊಟ್ಟೆ. ವೈವಾಕ್ಕೆ ಇನ್ನೂ ಬೇಕಾದಷ್ಟು ದಿನವಿತ್ತು. ಮಾರನೆಯ ದಿನ ಬೆಳಿಗ್ಗೆ ಮೇಡಂ ಫೋನ್ ಮಾಡಿದರು. ಹೊರಗಿನಿಂದ ಬರುವ ಪರೀಕ್ಷಕರಿಗೆ ಆಮೇಲೆ ಬಿಡುವಿಲ್ಲವಂತೆ, ವೈವಾ ನಾಡಿದ್ದೇ ಅಂತೆ. ತಪ್ಪಿದರೆ ಮುಂದಿನ ವರ್ಷದವರ ಜೊತೆ. ಇನ್ನೊಂದು ವರ್ಷ ಮನೆಯವರನ್ನು ಶನಿವಾರ ಭಾನುವಾರದ ಬಿಡುವು ಕೇಳುವ ಧೈರ್ಯ ನನಗಿರಲಿಲ್ಲ. ಬಿಟ್ಟರೆ ಬಿಟ್ಟ ಹಾಗೇ ಅಂತ ಗೊತ್ತಿತ್ತು.

ಚಪ್ಪರದ ಕೆಳಗೆ ಎರಡನೇ ಬ್ಯಾರನ್ನಿಗೆ ಸೊಪ್ಪು ಕಟ್ಟುತ್ತಿದ್ದೆವು. ಅತ್ತೆ, ನಾನು, ಮತ್ತೆ ಪ್ರತಿ ವರ್ಷ ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಯಿಂದ ಕೆಲಸಕ್ಕೆ ಬಂದು ನಮ್ಮಲ್ಲೇ ಉಳಿಯುವ ಒಬ್ಬ ಹೆಂಗಸು. ಸೊಪ್ಪಿನ ಅಂಟು ಬೆರಳಿಗೆಲ್ಲ ಕಪ್ಪಾಗಿ ಹತ್ತಿತ್ತು. ವಿಷಯ ಹೇಳಿದೆ. ಅತ್ತೆ ದಾರ ಬಿಗಿಯುತ್ತಲೇ ಇದ್ದರು.

ಒಲೆಯ ಹತ್ತಿರವಿದ್ದ ಯಜಮಾನರು, "ಹೋಗ್ಲಿ ಬುಡವ್ವ, ಒಂದಿನ ತಾನೆ" ಅಂದರು.

"ನಿಂಗೇನು, ನೀನು ಬೆಂಕಿ ಹಚ್ಚಿದ್ಯಾ?"

ಅವರು ಸೌದೆ ತರುವ ನೆಪದಲ್ಲಿ ಜಾರಿಕೊಂಡರು.

ಪ್ರಬಂಧಕ್ಕೆಂದು ಸೌದೆಯ ಲೆಕ್ಕವನ್ನು ನಾನು ಕೇಳಿದ್ದು ಹಾಡಿಯ ಹೆಂಗಸನ್ನೇ. ಅವಳು ನಕ್ಕಳು. "ಅಕ್ಕ, ಸೌದೆ ಸುಡಬ್ಯಾಡಿ ಅಂತ ಬರ್ದಿರೋರು ನೀವು. ಒಲೆಗೆ ಬೆಂಕಿ ಇಟ್ಟೋರೂ ನೀವೇ. ಈಗ ಒಲೆ ನಿಮ್ಮನ್ನ ಹಿಡ್ಕಂಡದೆ ನೋಡಿ."

ಅತ್ತೆಯ ಕೈ ಆಗ ನಿಂತಿತು. "ಅಂಗಂತ ಬರ್ದಿದ್ದೀಯಾ? ಓದು, ಕೇಳಾನ."

ಒಳಗೆ ಹೋಗಿ ಕೈ ಒರೆಸಿಕೊಂಡು ಪ್ರಬಂಧ ತಂದೆ. ಇಂಗ್ಲಿಷಿನಲ್ಲಿದ್ದದ್ದನ್ನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ. ಸೌದೆಗೆ ಬದಲಿ ಬೇಕು, ಬದಲಾಯಿಸುವ ಭಾರ ಬೆಳೆಯುವವನ ಹೆಗಲಿಗೆ ಮಾತ್ರ ಬೀಳಬಾರದು, ಕೊನೆಗೆ ಬೆಳೆಯೇ ಬದಲಾಗಬೇಕಾದೀತು ಎನ್ನುವವರೆಗೂ ಓದಿದೆ. ಅತ್ತೆ ಬೇಸರ ಮಾಡಿಕೊಳ್ಳುತ್ತಾರೆ ಅಂತ ಭಯವಿತ್ತು. ಮಾಡಿಕೊಂಡರು ಕೂಡ, ಆದರೆ ನಾನಂದುಕೊಂಡ ಕಾರಣಕ್ಕಲ್ಲ.

"ನಮ್ಮನೇದೇ ಬರ್ದಿದ್ದೀಯಲ್ಲ! ಪಕ್ಕದ ಮನೆಯೋರು ನಮಗಿಂತ ಜಾಸ್ತಿ ಸುಡ್ತಾರೆ. ಅವ್ರುದ್ದು ಬರ್ಯೋಕೇನಾಗಿತ್ತು ನಿಂಗೆ?"

"ಅವರ ಮನೆ ಒಲೆ ಮುಂದೆ ನಾನು ಕೂತಿಲ್ವಲ್ಲ ಅತ್ತೆ."

ಅವರು ಕೈಯಲ್ಲಿದ್ದ ದಾರ ಕೆಳಗಿಟ್ಟರು. ಆಮೇಲೆ ಮಂಡಿ ಹಿಡಿದು ಎದ್ದು ಬ್ಯಾರನ್ನಿನ ಹತ್ತಿರ ಹೋದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಲೆಯಿಂದ ಉರಿಯುವ ಒಂದು ಕೊಳ್ಳಿಯನ್ನು ಎಳೆದುಕೊಂಡು ಹೋಗಿ ಬಚ್ಚಲ ಹಂಡೆಯ ಒಲೆಗೆ ಹಾಕಿದರು. ಅಲ್ಲಿ ಬೇರೊಂದು ಸೌದೆಗೆ ಬೆಂಕಿ ಹತ್ತಿಸಿಕೊಂಡು ವಾಪಸು ಬಂದು ಬ್ಯಾರನ್ ಒಲೆಯೊಳಗೆ ನೂಕಿದರು. ಮತ್ತೆ ಕುಂಕುಮವಿಟ್ಟು ಕೈ ಮುಗಿದರು.

ಸೌದೆ ಹೊತ್ತು ಬಂದ ಯಜಮಾನರು ಬಾಯಿ ಬಿಟ್ಟುಕೊಂಡು ನಿಂತರು. "ಇದ್ಯಾವ ಶಾಸ್ತ್ರವ್ವ?"

"ಈಗ ಮಾಡುದ್ನಲ್ಲ, ಇದೇ ಶಾಸ್ತ್ರ. ಈಗ ಹಚ್ಚಿರೋಳು ನಾನು. ಅವಳು ಎಲ್ಲಿಗಾರೂ ಹೋಗ್ಲಿ."

ಯಜಮಾನರು ಸೌದೆ ಕೆಳಗಿಳಿಸಿ, ಮೆಲ್ಲಗೆ, "ಮತ್ತೆ ಭೇರ್ಯ?" ಅಂದರು.

ಆಗಲೇ ನನಗೂ ಹೊಳೆದದ್ದು. ವೈವಾದ ಮಾರನೆಯ ದಿನ ಭೇರ್ಯದಲ್ಲಿ, ಅತ್ತೆಯ ತವರಿನಲ್ಲಿ, ಅವರ ತಮ್ಮನ ಮೊಮ್ಮಗುವಿಗೆ ನಾಮಕರಣ. ಮಗುವಿನ ಅಪ್ಪನಿಗೆ ಒಡಹುಟ್ಟಿದ ಅಕ್ಕತಂಗಿಯರಿಲ್ಲ. ಕಿವಿಯಲ್ಲಿ ಮೂರು ಸಲ ಹೆಸರು ಹೇಳುವ ಸೋದರತ್ತೆಯ ಪಾಲು ಈ ಸಲ ಅತ್ತೆಯದ್ದು. ಅದಕ್ಕೆಂದೇ ಹಸಿರು ಸೀರೆ ಇಸ್ತ್ರಿ ಮಾಡಿಸಿ, ಮಗುವಿಗೆ ಬೆಳ್ಳಿ ಕಡಗ ತಂದು, ಸಿಕ್ಕಿದವರಿಗೆಲ್ಲ ತೋರಿಸಿದ್ದರು.

"ಬೇಡ ಅತ್ತೆ, ನಾನು ಮುಂದಿನ ವರ್ಷ..." ಅಂದೆ.

"ಮುಂದಿನ ವರ್ಷವೂ ಬೆಂಕಿ ಹಚ್ಚೋಳು ನೀನೇ. ಸುಮ್ಕೆ ಕಟ್ಟು ಸೊಪ್ಪ" ಅಂದರು. ನಾವು ಸೊಪ್ಪು ಕಟ್ಟಿದೆವು.

ವೈವಾದ ದಿನ ಪರೀಕ್ಷಕರ ಮೊದಲ ಪ್ರಶ್ನೆಗೇ ಎದ್ದು ನಿಂತೆ. ಅವರು ತಲೆಯೆತ್ತಿ ನೋಡಿ, "ನೀವು ಪ್ರಬಂಧದಲ್ಲಿ ಹೇಳಿರುವ ಒಪ್ಪಂದದಿಂದ ನಿಮ್ಮೂರಿನ ಒಂದು ಮರವಾದರೂ ಉಳಿದಿದೆಯೇನಮ್ಮ?" ಅಂತ ಕೇಳಿದರು.

"ಇಲ್ಲ ಸರ್" ಅಂದೆ. "ಸಹಿ ಹಾಕಿದವರು ದೂರ ಇದ್ದಾರೆ. ಒಲೆಯ ಮುಂದೆ ಕೂತವರು ಏನನ್ನೋ ಬಿಟ್ಟುಕೊಡಬೇಕು. ಅವರು ಬಿಟ್ಟುಕೊಡುವುದಕ್ಕೆ ಅವರಿಗೆ ಏನು ಸಿಗುತ್ತದೆ ಅನ್ನೋದು ಅದರಲ್ಲಿ ಸರಿಯಾಗಿ ಬರೆದಿಲ್ಲ. ನಾನು ಅದನ್ನೇ ಬರೆಯೋಕೆ ಪ್ರಯತ್ನ ಮಾಡಿದ್ದೇನೆ."

ಹೇಳುವಾಗ ನನ್ನ ಕಣ್ಣ ಮುಂದಿದ್ದದ್ದು ಇಸ್ತ್ರಿ ಮಡಿಕೆ ಮುರಿಯದ ಆ ಹಸಿರು ಸೀರೆ. ಪರೀಕ್ಷಕರು ಹೂಂ ಅಂದು, ಅಡಿಟಿಪ್ಪಣಿಯಲ್ಲಿ ಎರಡು ಕಡೆ ಪುಟಸಂಖ್ಯೆ ಬಿಟ್ಟುಹೋಗಿದೆ ಅಂತ ತೋರಿಸಿದರು. ಹೊರಗೆ ಹತ್ತು ನಿಮಿಷ ಕಾದ ಮೇಲೆ ಮೇಡಂ ಬಂದು ಪಾಸ್ ಅಂದರು.

ಮನೆಗೆ ಬಂದಾಗ ಅತ್ತೆ ಒಲೆಯ ಮುಂದೆ ಗೋಣಿಚೀಲ ಹಾಸಿಕೊಂಡು ಕೂತಿದ್ದರು. ಮುಖ ಕೆಂಪಾಗಿತ್ತು, ಹುಬ್ಬಿನ ಮೇಲೆ ಬೂದಿ ಇತ್ತು.

"ಪಾಸಾಯ್ತು ಅತ್ತೆ."

"ಆಗ್ದೇ ಇನ್ನೇನು? ನಾಳೆ ಬೆಳಿಗ್ಗೆ ಭೇರ್ಯಕ್ಕೆ ಹೊರಡು. ಏರಿ ದಾಟೋ ಹಂಗಿರೋಳು ನೀನೊಬ್ಳೇ. ಕಡಗ ಮರೀಬ್ಯಾಡ."

ಹುಣಸೂರು, ಕೆ.ಆರ್. ನಗರ ಅಂತ ಬಸ್ಸು ಬದಲಾಯಿಸಿ ಭೇರ್ಯಕ್ಕೆ ಹೋದೆ. "ನಿಮ್ಮತ್ತೆ ಎಲ್ಲವ್ವ?" ಅಂತ ಎಲ್ಲರೂ ಕೇಳಿದರು. "ಬೆಂಕಿ ಕಾಯ್ತಾವ್ರೆ" ಅಂದೆ. ಹೆಸರು ಹೇಳುವ ಹೊತ್ತಿಗೆ ತೊಟ್ಟಿಲ ಪಕ್ಕ ನನ್ನನ್ನು ಕೂರಿಸಿದರು. ನನಗೆ ಮನಸ್ಸು ಬರಲಿಲ್ಲ. ಮನೆಗೆ ಫೋನ್ ಮಾಡಿ, ಯಜಮಾನರ ಕೈಯಿಂದ ಅತ್ತೆಗೆ ಕೊಡಿಸಿ, ನನ್ನ ಫೋನನ್ನು ಮಗುವಿನ ಕಿವಿಯ ಹತ್ತಿರ ಹಿಡಿದೆ.

ಪಿಸುಗುಡಬೇಕಾದದ್ದನ್ನು ಅತ್ತೆ, ದೂರ ಇದ್ದೇನಲ್ಲ ಅಂದುಕೊಂಡು, ಕೂಗಿ ಹೇಳಿದರು. ಮಗು ಬೆಚ್ಚಿಬಿದ್ದು ಕಿರುಚಿತು. ಹಾಸಿನ ಮೇಲೆ ಕೂತಿದ್ದವರೆಲ್ಲ ನಕ್ಕರು, ಅತ್ತೆಯ ತಮ್ಮ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು.

"ಅಳ್ತಾ ಅದಾ?" ಅಂತ ಫೋನಿನಿಂದ ಕೇಳಿತು.

"ಅಳ್ತಾ ಇದೆ ಅತ್ತೆ."

"ಅಂಗಾರೆ ಕೇಳುಸ್ತು ಬುಡು. ಇನ್ನೆರಡು ಸಲ ಹೇಳ್ಬೇಕು, ಇನ್ನೂ ಒಸಿ ಅತ್ರ ಹಿಡಿ."